ಬಲಗಡೆ ಹೊಟ್ಟೆ ನೋವು: ಗ್ಯಾಸ್ಸೋ, ಲಿವರ್ ತೊಂದರೆಯೋ ತಿಳಿಯುವುದು ಹೇಗೆ?

ಊಟ ಆದ ಮೇಲೆ ಮತ್ತೆ ಮತ್ತೆ ಬಲಗಡೆ ನೋವು, ಹೊಟ್ಟೆ ಉಬ್ಬರ, ಇದು ಗ್ಯಾಸ್ಸೋ ಲಿವರ್ ತೊಂದರೆಯೋ ಅಂತ ಕೇಳಿದ್ದೀರಿ, ಅಲ್ವಾ? ನನಗೂ ಹೀಗೇ ಶುರುವಾಗಿತ್ತು.

ಪಕ್ಕೆಲುಬಿನ ಕೆಳಗೆ, ಬಲಕ್ಕೆ. ಜಿಡ್ಡಿನ ಊಟ ಮಾಡಿದ ರಾತ್ರಿ ಜಾಸ್ತಿ. ಬಲ ಹೆಗಲಿನ ಹಿಂದಕ್ಕೂ ಹೋಗುತ್ತಿತ್ತು. ಒಂದಷ್ಟು ಹೊತ್ತು ಹಿಂಡಿ ತಾನಾಗಿ ಬಿಡುತ್ತಿತ್ತು. ನಾನು ಆಸಿಡಿಟಿ ಮಾತ್ರೆ ನುಂಗಿ, ಅದರಿಂದಲೇ ಹೋಯಿತು ಅಂದುಕೊಳ್ಳುತ್ತಿದ್ದೆ. ನುಂಗದಿದ್ದರೂ ಹೋಗುತ್ತಿತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಕೆಲವು ತಿಂಗಳ ಮೇಲೆ ಮೈ ತುರಿಕೆ ಹಿಡಿಯಿತು. ಗುಳ್ಳೆ ಇಲ್ಲ, ಕೆಂಪು ಇಲ್ಲ, ಬರೀ ತುರಿಕೆ. ಅಂಗೈ, ಅಂಗಾಲಲ್ಲಿ ಇನ್ನೂ ಜಾಸ್ತಿ. ಚರ್ಮದ ಡಾಕ್ಟರ ಹತ್ತಿರ ಹೋದೆ. "ಬೇರೆ ಏನಾದರೂ ತೊಂದರೆ ಇದೆಯಾ?" ಅಂತ ಅವರು ಕೇಳಿದರು. "ಏನೂ ಇಲ್ಲ" ಅಂದೆ.

ನನ್ನನ್ನು ಆಸ್ಪತ್ರೆಗೆ ಸೇರಿಸಿದ್ದು ಆ ಉತ್ತರ. ಯಾಕೆಂದರೆ ಆಗಲೇ ಮೂತ್ರ ಕಡು ಕಂದು ಆಗಿತ್ತು. ಮಲ ಜೇಡಿಮಣ್ಣಿನ ಹಾಗೆ ಬಿಳಿಚಿಕೊಂಡಿತ್ತು. ಎರಡನ್ನೂ ನೋಡಿದ್ದೆ. ನೀರು ಸಾಲುತ್ತಿಲ್ಲ ಅಂತ ಸಿಕ್ಕಾಪಟ್ಟೆ ನೀರು ಕುಡಿದೆ. ಮೂತ್ರ ತಿಳಿಯಾಗಲಿಲ್ಲ. ಅಷ್ಟಾದರೂ ತಲೆಗೆ ಹೊಳೆಯಬೇಕಿತ್ತು. ಡಾಕ್ಟರಿಗೆ ಯಾಕೆ ಹೇಳಲಿಲ್ಲ? ತುರಿಕೆಗೂ ಕಕ್ಕಸಿಗೂ ಏನು ಸಂಬಂಧ ಅನ್ನುವುದು ಒಂದು. ಅದಕ್ಕಿಂತ ನಾಚಿಕೆ ದೊಡ್ಡದಿತ್ತು. ಮಲದ ಬಣ್ಣವನ್ನು ಚರ್ಮದ ಡಾಕ್ಟರ ಮುಂದೆ ಹೇಳುವುದೇ? ನೋವಿನ ಮಾತೂ ಎತ್ತಲಿಲ್ಲ, ಅದು ಗ್ಯಾಸ್ ಅಂತ ನಾನೇ ತೀರ್ಮಾನಿಸಿಬಿಟ್ಟಿದ್ದೆನಲ್ಲ. ಅವರು ಮುಲಾಮು ಬರೆದುಕೊಟ್ಟರು. ಅವರದೇನೂ ತಪ್ಪಿಲ್ಲ, ನಾನು ಹೇಳಿದ್ದಷ್ಟೇ ಅವರಿಗೆ ಗೊತ್ತು.

ಆಗಿದ್ದಿಷ್ಟು: ಪಿತ್ತಕೋಶದ (ಗಾಲ್‌ಬ್ಲಾಡರ್) ಕಲ್ಲೊಂದು ಜಾರಿ, ಲಿವರಿನ ಪಿತ್ತರಸವನ್ನು ಕರುಳಿಗೆ ಒಯ್ಯುವ ಪಿತ್ತನಾಳದಲ್ಲಿ ಸಿಕ್ಕಿಕೊಂಡಿತ್ತು. ಮಲಕ್ಕೆ ಕಂದು ಬಣ್ಣ ಬರುವುದು ಪಿತ್ತದಲ್ಲಿರುವ ಬಿಲಿರುಬಿನ್ ಅನ್ನುವ ಹಳದಿ ಬಣ್ಣದ ವಸ್ತುವಿನಿಂದ. ಅದು ಕರುಳಿಗೆ ಇಳಿಯದಿದ್ದರೆ ಮಲ ಬಿಳಿಚುತ್ತದೆ. ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಬಿದ್ದರೆ ಮೂತ್ರ ಕಡು ಕಂದಾಗುತ್ತದೆ. ತುರಿಕೆಯೂ ಅದೇ ತಡೆಯಿಂದ. ಕಣ್ಣು ಹಳದಿಯಾಗಿದ್ದು ಆಮೇಲೆ. ರಕ್ತದಲ್ಲಿ ಬಿಲಿರುಬಿನ್ ಸಾಮಾನ್ಯವಾಗಿ ಡೆಸಿಲೀಟರ್‌ಗೆ 1 ಮಿಲಿಗ್ರಾಂ ಆಸುಪಾಸು ಇರುತ್ತದೆ, 2-3 ದಾಟಿದ ಮೇಲೇ ಕಣ್ಣಲ್ಲಿ ಕಾಣುವುದು. ಅದೂ ಹಗಲು ಬೆಳಕಲ್ಲಿ.

ಕೊನೆಗೆ ಗಡಗಡ ನಡುಗಿಸುವ ಚಳಿಜ್ವರ ಬಂತು. ನಾಳದಲ್ಲಿ ಸೋಂಕು. ಎಂಡೋಸ್ಕೋಪಿ ಮೂಲಕ ಕಲ್ಲು ತೆಗೆದರು, ಆಮೇಲೆ ಪಿತ್ತಕೋಶವನ್ನೇ ತೆಗೆದರು. ಅವತ್ತೇ ಬಾಯಿಬಿಟ್ಟಿದ್ದರೆ ಸೋಂಕಿನವರೆಗೆ ಹೋಗುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ನನ್ನ ಪ್ರಕಾರ ಪ್ರಶ್ನೆಯೇ ಸರಿಯಿಲ್ಲ. ನೋವಿನ ಜಾಗ ನೋಡಿ ಲಿವರ್ ಹೌದೋ ಅಲ್ಲವೋ ಅಂತ ಹೇಳಲಾಗದು. ಲಿವರಿನ ಒಳಗೆ ನೋವು ತಿಳಿಸುವ ನರಗಳೇ ಇಲ್ಲ, ಅದು ಊದಿ ಹೊರಪದರ ಎಳೆದಾಗಷ್ಟೇ ನೋಯುತ್ತದೆ. ಫ್ಯಾಟಿ ಲಿವರ್, ಹೆಪಟೈಟಿಸ್ ಬಿ, ಸಿ ಇವೆಲ್ಲ ವರ್ಷಗಟ್ಟಲೆ ಸುಮ್ನೆ ಇರಬಲ್ಲವು. ಬಲಗಡೆ ನೋವು ನನ್ನ ಹಾಗೆ ಪಿತ್ತಕೋಶದ್ದೂ ಆಗಿರಬಹುದು.

ಹಾಗಾಗಿ ಬಣ್ಣ ನೋಡಿ. ಕಡು ಮೂತ್ರ, ಬಿಳಿಚಿದ ಮಲ, ಹಳದಿ ಕಣ್ಣು ಕಂಡರೆ ತಡಮಾಡಬೇಡಿ. ಟಾರಿನಂತೆ ಕಪ್ಪಗೆ ಅಂಟಂಟಾಗಿ, ಕೆಟ್ಟ ವಾಸನೆಯ ಮಲ ಬಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ಅದರಲ್ಲೂ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ದಿನಾ ನುಂಗುವವರಿಗೆ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಿ. ಇಂಥ ಕಪ್ಪು ಮಲ, ರಕ್ತ ವಾಂತಿ, ಕಣ್ಣು ಹಳದಿ ಜೊತೆಗೆ ಜ್ವರ ಅಥವಾ ಬುದ್ಧಿ ಮಂಕಾಗುವುದು: ಇವು ಕಂಡರೆ ಬೆಳಗಾಗುವ ತನಕ ಕಾಯಬೇಡಿ. ಕಾರಣವಿಲ್ಲದೆ ತೂಕ ಇಳಿಯುವುದು, ನುಂಗುವಾಗ ಸಿಕ್ಕಿಕೊಳ್ಳುವುದು, ಹೊಟ್ಟೆ ದಿನೇದಿನೇ ದಪ್ಪವಾಗುವುದು, ಇವನ್ನೂ ಗ್ಯಾಸ್ ಲೆಕ್ಕಕ್ಕೆ ಹಾಕಬೇಡಿ.

ಇದ್ಯಾವುದೂ ಇಲ್ಲದಿದ್ದರೂ ನಿಮ್ಮ ನೋವು ಮತ್ತೆ ಮತ್ತೆ ಬರುತ್ತಿದೆಯಲ್ಲ, ಲಿವರ್ ರಕ್ತ ಪರೀಕ್ಷೆಯ ಜೊತೆ ಅಲ್ಟ್ರಾಸೌಂಡ್ ಕೂಡ ಕೇಳಿ. ಕಲ್ಲು ಪಿತ್ತಕೋಶದಲ್ಲೇ ಇದ್ದರೆ ರಕ್ತ ಪರೀಕ್ಷೆ ಸರಿಯಾಗಿಯೇ ಬರಬಹುದು. ಸ್ಕ್ಯಾನ್‌ಗೆ ಬರಿಹೊಟ್ಟೆಯಲ್ಲಿ ಹೋಗಿ. ಉಂಡು ಹೋದರೆ ಪಿತ್ತಕೋಶ ಕುಗ್ಗಿ ಸರಿಯಾಗಿ ಕಾಣುವುದಿಲ್ಲ.