ಬ್ರೇಕ್ ಪ್ಯಾಡ್ ಒಂದೇ ಕಡೆ ಸವೆದರೆ ಏನು ನೋಡಬೇಕು?

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯ ಸಣ್ಣ ಕಾರು. ಮನೆ ಕಡಲ ದಂಡೆಗೆ ಹತ್ತಿರವಿದೆ. ಈಚೆಗೆ ಆಗುಂಬೆ ಘಾಟಿ ಇಳಿದು ಬಂದಾಗ ಮುಂದಿನ ಎಡಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಬಿಚ್ಚಿಸಿ ನೋಡಿದಾಗ ಒಳಗಿನ ಬ್ರೇಕ್ ಪ್ಯಾಡ್ ಅದರ ಹಿಂಬದಿಯ ತಗಡಿನವರೆಗೆ ಸವೆದಿತ್ತು. ಹೊರಗಿನದು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಒಬ್ಬ ಮೆಕ್ಯಾನಿಕ್ ಹೊಸ ಪ್ಯಾಡ್ ಹಾಕಿದರೆ ಸಾಕೆಂದರು, ಇನ್ನೊಬ್ಬರು ಪ್ಯಾಡುಗಳನ್ನು ಒತ್ತುವ ಇಡೀ ಕ್ಯಾಲಿಪರನ್ನೇ ಬದಲಿಸಬೇಕೆಂದರು. ಯಾವುದು ಸರಿ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಪ್ಯಾಡ್ ಮಾತ್ರ ಬದಲಿಸುವುದು ಖಂಡಿತ ಸಾಲದು. ಇಡೀ ಕ್ಯಾಲಿಪರ್ ಬದಲಿಸಬೇಕೇ ಎಂಬುದನ್ನು ಪಿನ್ ಮತ್ತು ಪಿಸ್ಟನ್ ಎರಡನ್ನೂ ಪರೀಕ್ಷಿಸಿದ ಮೇಲಷ್ಟೇ ಹೇಳಬಹುದು.

ಸಣ್ಣ ಕಾರುಗಳ ಮುಂದಿನ ಚಕ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಜಾರುವ ಬಗೆಯ ಕ್ಯಾಲಿಪರ್. ಇದರಲ್ಲಿ ಪಿಸ್ಟನ್ ಒಳಬದಿಯಲ್ಲಿ ಮಾತ್ರ ಇರುತ್ತದೆ. ಪೆಡಲ್ ತುಳಿದಾಗ ಅದು ಒಳಗಿನ ಪ್ಯಾಡನ್ನು ಚಕ್ರದೊಡನೆ ತಿರುಗುವ ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡದ ಪ್ರತಿಬಲಕ್ಕೆ ಕ್ಯಾಲಿಪರ್ ಎರಡು ಸ್ಲೈಡ್ ಪಿನ್‌ಗಳ ಮೇಲೆ ಒಳಮುಖವಾಗಿ ಸರಿದು ಹೊರಗಿನ ಪ್ಯಾಡನ್ನೂ ಡಿಸ್ಕಿಗೆ ತಾಗಿಸುತ್ತದೆ. ಪಿನ್ ಜಾಮ್ ಆಗಿದ್ದರೆ ಈ ಸರಿದಾಟ ನಿಂತುಹೋಗಿ ಕೆಲಸದ ಭಾರವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತದೆ. ಪಿಸ್ಟನ್ ಹಿಂದಕ್ಕೆ ಸರಿಯದೆ ಸಿಕ್ಕಿಕೊಂಡಿದ್ದರೂ ಒಳಗಿನ ಪ್ಯಾಡೇ ಬೇಗ ಸವೆಯುವುದರಿಂದ ಸವೆತವನ್ನು ಮಾತ್ರ ನೋಡಿ ಕಾರಣ ಹೇಳಲಾಗದು. ಒಂದೇ ಪ್ಯಾಡ್ ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದು ತುದಿಯಲ್ಲಿ ಕಡಿಮೆ ಸವೆದು ಓರೆಯಾಗಿದ್ದರೆ ಎರಡರಲ್ಲಿ ಒಂದು ಪಿನ್ ಮಾತ್ರ ಹಿಡಿದುಕೊಂಡಿರುವ ಸಾಧ್ಯತೆ ಹೆಚ್ಚು.

ಕ್ಯಾಲಿಪರ್ ಬಿಚ್ಚಿದಾಗ ಅದನ್ನು ಬ್ರೇಕ್ ಹೋಸಿನ (ಬ್ರೇಕ್ ಆಯಿಲ್ ಹರಿಯುವ ಕೊಳವೆ) ಮೇಲೆ ಜೋತುಬಿಡಬಾರದು, ತಂತಿಯಿಂದ ಮೇಲಕ್ಕೆ ಕಟ್ಟಿಸಿ. ಬಳಿಕ ಪಿನ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ, ಎಳೆದು, ತಿರುಗಿಸಿ ನೋಡಲು ಹೇಳಿ. ಸರಿಯಿರುವ ಪಿನ್ ಹೆಚ್ಚು ಬಲವಿಲ್ಲದೆ ಸರಿಯುತ್ತದೆ. ಅದನ್ನು ಹೊರತೆಗೆದು ಒರೆಸಿದಾಗ ಹೊಳಪಿನ ಮೇಲ್ಮೈ ಕಾಣಬೇಕು. ತುಕ್ಕು ತಿಂದ ಗುಳಿಗಳು ಬೆರಳಿಗೆ ತಗುಲಿದರೆ ಅಥವಾ ಪಿನ್ ಬಾಗಿದ್ದರೆ ಎಮರಿ ಪೇಪರಿನಿಂದ ಉಜ್ಜಿ ಮತ್ತೆ ಹಾಕುವುದು ಬೇಡ, ಹೊಸದನ್ನೇ ಹಾಕಿಸಿ. ಪಿನ್ನಿನ ರಬ್ಬರ್ ಬೂಟ್ (ಮುಸುಕು) ಹರಿದಿದ್ದರೆ, ಗಟ್ಟಿಯಾಗಿದ್ದರೆ ಅಥವಾ ಉಬ್ಬಿದ್ದರೆ ಅದನ್ನೂ ಬದಲಿಸಬೇಕು. ಏಕೆಂದರೆ ಕರಾವಳಿಯ ಉಪ್ಪುಗಾಳಿ ಮತ್ತು ಮಳೆನೀರು ಒಳನುಗ್ಗುವುದು ಆ ಬೂಟಿನ ಬಿರುಕಿನಿಂದಲೇ. ಕೆಲವು ಕಾರುಗಳಲ್ಲಿ ಮೇಲಿನ ಮತ್ತು ಕೆಳಗಿನ ಪಿನ್ ಬೇರೆ ಬೇರೆ ಇರುತ್ತವೆ: ಒಂದರ ತುದಿಗೆ ರಬ್ಬರ್ ಬುಶ್ (ಸುತ್ತುಬಳೆ) ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಅವು ಅದಲುಬದಲಾಗದಂತೆ ಬಿಚ್ಚುವಾಗಲೇ ಗುರುತು ಮಾಡಿಕೊಳ್ಳಬೇಕು.

ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾಗುವುದು ಪ್ಯಾಡಿನ ಕಿವಿಗಳು ಕೂರುವ ತೆಳು ಸ್ಟೀಲ್ ಕ್ಲಿಪ್‌ಗಳು. ಕ್ಲಿಪ್ಪಿನ ಅಡಿಯಲ್ಲಿ, ಪ್ಯಾಡುಗಳನ್ನು ಹೊತ್ತಿರುವ ಬ್ರಾಕೆಟ್ಟಿಗೆ ತುಕ್ಕು ಹಿಡಿದು ಪದರವಾಗಿ ಉಬ್ಬಿದಾಗ ಅದು ಕ್ಲಿಪ್ಪನ್ನು ಮೇಲಕ್ಕೆತ್ತಿ ಪ್ಯಾಡನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಇಂಥ ಜಾಗದಲ್ಲಿ ಹೊಸ ಪ್ಯಾಡನ್ನು ಸುತ್ತಿಗೆಯಿಂದ ಬಡಿದು ಕೂರಿಸುವವರಿದ್ದಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಹಾಗೆ ಕೂತ ಪ್ಯಾಡ್ ಬ್ರೇಕ್ ಬಿಟ್ಟ ಮೇಲೂ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ, ಮತ್ತೆ ಅದೇ ಸುಟ್ಟ ವಾಸನೆ ಬರುತ್ತದೆ. ಹಳೆಯ ಕ್ಲಿಪ್ ತೆಗೆದು, ಬ್ರಾಕೆಟ್ಟನ್ನು ವೈರ್ ಬ್ರಷ್‌ನಿಂದ ಲೋಹ ಕಾಣುವವರೆಗೆ ಉಜ್ಜಿ, ಹೊಸ ಕ್ಲಿಪ್ ಹಾಕಿದರೆ ಪ್ಯಾಡ್ ಕೈಯಿಂದಲೇ ಒಳಗೆ ಕೂತು ಸರಾಗವಾಗಿ ಸರಿಯುತ್ತದೆ. ಪ್ಯಾಡಿನ ಪೆಟ್ಟಿಗೆಯಲ್ಲಿ ಕ್ಲಿಪ್ ಇಲ್ಲದಿದ್ದರೆ ಬೇರೆಯಾಗಿ ಕೇಳಿ ತರಿಸಿಕೊಳ್ಳಿ. ಇಡೀ ಕ್ಯಾಲಿಪರಿನ ಬೆಲೆಯ ಮುಂದೆ ಅದರ ಖರ್ಚು ತೀರಾ ಕಡಿಮೆ.

ಇನ್ನು ಪಿಸ್ಟನ್. ಬ್ರೇಕ್ ಆಯಿಲ್ ಡಬ್ಬಿಯ ಮಟ್ಟದ ಮೇಲೆ ಕಣ್ಣಿಟ್ಟುಕೊಂಡು ಪಿಸ್ಟನ್ನನ್ನು ಕ್ಲಾಂಪಿನಿಂದ ನಿಧಾನವಾಗಿ ಹಿಂದಕ್ಕೆ ಒತ್ತಿ ನೋಡಬೇಕು. ಹಾಗೆ ಒತ್ತಿದಾಗ ಡಬ್ಬಿಯಲ್ಲಿ ಆಯಿಲ್ ಏರಿ ಚೆಲ್ಲಿದರೆ ಕಾರಿನ ಬಣ್ಣವನ್ನು ತಿನ್ನುತ್ತದೆ. ಪಿಸ್ಟನ್ ಸರಿಯದಿದ್ದಾಗ ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್ ಸಡಿಲಿಸಿ ಮತ್ತೆ ಒತ್ತಲಿ. ಆಗ ಸುಲಭವಾಗಿ ಸರಿದರೆ ದೋಷ ಕ್ಯಾಲಿಪರಿನದಲ್ಲ. ಒಳಗೇ ಊದಿ ದಾರಿ ಮುಚ್ಚಿಕೊಂಡ ಹೋಸನ್ನು ಮೊದಲು ಸಂಶಯಿಸಬೇಕು. ನಿಪ್ಪಲ್ ಸಡಿಲಿಸಿದರೂ ಸರಿಯದಿದ್ದರೆ, ಪಿಸ್ಟನ್ನಿನ ಸುತ್ತ ಆಯಿಲ್ ಒಸರುತ್ತಿದ್ದರೆ ಅಥವಾ ಅದರ ಮೈಗೆ ತುಕ್ಕು ಹತ್ತಿದ್ದರೆ ಕ್ಯಾಲಿಪರ್ ಬದಲಿಸಿ ಎಂದವರ ಮಾತು ನ್ಯಾಯವಾದದ್ದು.

ಎಡಚಕ್ರಕ್ಕೆ ಮಾಡಿದ್ದನ್ನೆಲ್ಲ ಬಲಚಕ್ರಕ್ಕೂ ಮಾಡಿಸಿ. ಪ್ಯಾಡ್ ತಗಡಿನವರೆಗೆ ಸವೆದಿದ್ದರಿಂದ ಡಿಸ್ಕಿಗೂ ಗೀರು ಬಿದ್ದಿರಬಹುದು. ಅದರ ದಪ್ಪವನ್ನು ಅಳೆದು, ಕಾರಿಗೆ ನಿಗದಿಯಾದ ಕನಿಷ್ಠ ಮಿತಿಯೊಡನೆ ಹೋಲಿಸಬೇಕು. ಕೆಲಸ ಮುಗಿದ ಬಳಿಕ ಕಾರು ಕದಲುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಪದೇ ಪದೇ ತುಳಿಯಬೇಕು, ಇಲ್ಲವಾದರೆ ಮೊದಲ ತುಳಿತಕ್ಕೆ ಬ್ರೇಕ್ ಹಿಡಿಯುವುದಿಲ್ಲ.

ಪ್ರಶ್ನೆ: ನಮ್ಮ ಮೆಕ್ಯಾನಿಕ್ ಚಕ್ರದ ಬೇರಿಂಗಿಗೆ ಬಳಸುವ ಗ್ರೀಸನ್ನೇ ಕ್ಯಾಲಿಪರ್ ಪಿನ್ನಿಗೂ ಹಚ್ಚುತ್ತಾರೆ. ಇದರಿಂದ ತೊಂದರೆಯಿದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇದೆ. ಬ್ರೇಕಿನ ರಬ್ಬರ್ ಭಾಗಗಳಿಗೆ ಸಾಮಾನ್ಯವಾಗಿ ಬಳಸುವ ಇಪಿಡಿಎಂ ಎಂಬ ಕೃತಕ ರಬ್ಬರ್ ಪೆಟ್ರೋಲಿಯಂ ಗ್ರೀಸ್ ತಾಗಿದರೆ ಊದಿಕೊಳ್ಳುತ್ತದೆ. ಊದಿದ ಬುಶ್ ಪಿನ್ನನ್ನು ರಂಧ್ರದೊಳಗೇ ಬಿಗಿದು ಹಿಡಿಯುತ್ತದೆ. ಪಿನ್ನಿಗೆ ಬ್ರೇಕಿಗೆಂದೇ ತಯಾರಾದ ಸಿಲಿಕೋನ್ ಗ್ರೀಸ್ ಅಥವಾ ಕಾರಿನ ಕಂಪನಿ ಸೂಚಿಸಿದ ಗ್ರೀಸನ್ನೇ ಬಳಸಬೇಕು. ಹೊಸದನ್ನು ಹಚ್ಚುವ ಮೊದಲು ಪಿನ್ ಮತ್ತು ರಂಧ್ರದಲ್ಲಿರುವ ಹಳೆಯ ಗ್ರೀಸನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೆಗೆಯಬೇಕು; ರಬ್ಬರನ್ನು ಪೆಟ್ರೋಲ್ ಅಥವಾ ಡೀಸೆಲ್‌ನಲ್ಲಿ ತೊಳೆಯಬಾರದು. ಗ್ರೀಸ್ ತೆಳುವಾದ ಒಂದು ಪದರದಷ್ಟಿದ್ದರೆ ಸಾಕು. ರಂಧ್ರದ ತುಂಬ ತುಂಬಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಮತ್ತು ಗ್ರೀಸ್ ಸೇರಿ ಪಿನ್ನನ್ನು ಹೊರಕ್ಕೆ ತಳ್ಳುತ್ತವೆ. ಪ್ಯಾಡಿನ ಉಜ್ಜುವ ಮುಖಕ್ಕಾಗಲಿ ಡಿಸ್ಕಿಗಾಗಲಿ ಗ್ರೀಸ್ ಸೋಕಲೇಬಾರದು. ಈಗಾಗಲೇ ಬೇರಿಂಗ್ ಗ್ರೀಸ್ ಹಚ್ಚಿಸಿಕೊಂಡಿರುವ ನೀವು ಮುಂದಿನ ಪ್ಯಾಡ್ ಬದಲಾವಣೆಯವರೆಗೆ ಕಾಯದೆ ಪಿನ್‌ಗಳನ್ನು ಬಿಚ್ಚಿಸಿ, ಬೂಟ್ ಮತ್ತು ಬುಶ್ ಊದಿವೆಯೇ ಎಂದು ನೋಡಿಸಿ.