ಡ್ರೈ ಡಾಕ್‌ಗೆ ಮಾತ್ರ ಈಗ ಪರ್ಮಿಷನ್ ತಗೊಂಡು, ಚಾನೆಲ್ ಹೂಳಿನ ವಿಷಯ ಆಮೇಲೆ ನೋಡಿದ್ರೆ ಆಗ್ತದಾ?

ಆಗುದಿಲ್ಲ. ಪ್ರಶ್ನೆ ಓದಿ ಮೊದಲು ನಗು ಬಂತು, ಮತ್ತೆ ಬೇಜಾರಾಯ್ತು, ಯಾಕಂದ್ರೆ ಇದೇ ಪ್ಲಾನ್ ಹಿಡ್ಕೊಂಡು ನಾವೂ ಹೋಗಿದ್ದೆವು. ಹೊಳೆ ಬದಿಯ ಯಾರ್ಡು, 130 ಮೀಟರಿನ ಡ್ರೈ ಡಾಕ್ (ಹಡಗನ್ನ ಒಳಗೆ ತಂದು ಬಾಗಿಲು ಹಾಕಿ ನೀರು ಖಾಲಿ ಮಾಡುವ ಗುಂಡಿ) ಬೇಕು, ಡಾಕ್‌ಗೆ ಈಗ ಅರ್ಜಿ ಹಾಕಿ ಚಾನೆಲ್ (ಹಡಗು ಬರುವ ನೀರಿನ ದಾರಿ) ಹೂಳೆತ್ತುದನ್ನ "ಮೇಂಟೆನೆನ್ಸ್" ಅಂತ ತೋರಿಸಿದ್ರೆ ಬೇಗ ಮುಗೀತದೆ, ಇಷ್ಟೇ ಅಲ್ವಾ ನಿಮ್ಮ ಐಡಿಯಾ? ನಮ್ಮದೂ ಅಕ್ಷರಶಃ ಅದೇ.

ನಾನು ಕರಾವಳಿಯ ಒಂದು ಖಾಸಗಿ ಯಾರ್ಡಲ್ಲಿ ಸಿವಿಲ್ ಕೆಲಸ ಮತ್ತು ಪರ್ಮಿಷನ್ ಓಡಾಟ ನೋಡ್ತಿದ್ದೆ, ಹೆಸರು ಬೇಡ, ಅಲ್ಲಿಯವರು ಈಗಲೂ ಸಿಕ್ಕಿದ್ರೆ ಮಾತಾಡಿಸ್ತಾರೆ. ಟಗ್, ಬಾರ್ಜ್, ಸಣ್ಣ ಕಾರ್ಗೋ ಹಡಗು ರಿಪೇರಿ ನಮ್ಮದು, ಸ್ಲಿಪ್‌ವೇ (ನೀರಿಂದ ದಡಕ್ಕೆ ಏರುವ ಇಳಿಜಾರು) ಮೇಲೆ ವಿಂಚ್ ಹಾಕಿ ಎಳೆಯುದು. 2018ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನ 310 ಮೀಟರ್ ಉದ್ದದ ಹೊಸ ಡಾಕ್‌ಗೆ ಕಲ್ಲು ಹಾಕಿದ ಸುದ್ದಿ ಪೇಪರಲ್ಲಿ ಬಂತು ನೋಡಿ, ಅಲ್ಲಿಂದ ನಮ್ಮ ಧನಿಗಳಿಗೆ ಡ್ರೈ ಡಾಕ್ ಹುಚ್ಚು ಹಿಡೀತು. ಅದು 1,799 ಕೋಟಿಯ ಪ್ರಾಜೆಕ್ಟು, ಕೇಂದ್ರ ಸರ್ಕಾರದ ಯಾರ್ಡು, ಅವರಿಗೇ ಕಲ್ಲು ಹಾಕಿದಲ್ಲಿಂದ ಉದ್ಘಾಟನೆಗೆ 2024ರ ಜನವರಿ ಆಯ್ತು. ನಮ್ಮ ಧನಿಗಳು ಹೇಳಿದ್ದು ಎರಡು ಮಳೆಗಾಲದೊಳಗೆ ನೀರು ಬಿಡಬೇಕು ಅಂತ.

ಈಗ ಅರ್ಜಿಯಲ್ಲಿ ನಾನು ಬರೆದ ಒಂದು ಸಾಲಿನ ಕಥೆ. ಸ್ವಲ್ಪ ಉದ್ದ ಹೇಳ್ತೇನೆ, ಯಾಕಂದ್ರೆ ಎಲ್ಲ ಹಾಳಾದದ್ದು ಅಲ್ಲಿ.

ಪರಿಸರ ಕ್ಲಿಯರೆನ್ಸಿನ ಅರ್ಜಿಯಾದ ಫಾರ್ಮ್ 1ರಲ್ಲಿ ಪ್ರಾಜೆಕ್ಟಿನ ಕೆಲಸಗಳ ದೊಡ್ಡ ಪಟ್ಟಿ ಇತ್ತು, ಪ್ರತಿಯೊಂದಕ್ಕೂ ಹೌದು ಇಲ್ಲ ಬರೆದು ಪಕ್ಕದಲ್ಲಿ ವಿವರ ಕೊಡ್ಬೇಕಿತ್ತು. ಅದರಲ್ಲಿ ಒಂದು ಸಾಲು ಡ್ರೆಜಿಂಗ್, ಅಂದ್ರೆ ನೀರಿನ ತಳದ ಹೂಳು, ಮಣ್ಣು ಅಗೆದು ತೆಗೆಯುದು. ಅಲ್ಲಿ ನಾನು ಬರೆದದ್ದು, ಇಲ್ಲ, ಈಗಿರುವ ಚಾನೆಲಿನ ಮೇಂಟೆನೆನ್ಸ್ ಡ್ರೆಜಿಂಗ್ ಮಾತ್ರ, ಅದೂ ಬೇರೆ ಇಲಾಖೆಯ ಟೆಂಡರಿನಲ್ಲಿ. ಸುಳ್ಳು ಅಂತ ಅನಿಸ್ಲೇ ಇಲ್ಲ ಮಾರಾಯ್ರೇ. ಅಳಿವೆ ಬಾಗಿಲಲ್ಲಿ ಮರಳು ಕೂತು ಮೀನಿನ ಬೋಟು ತಾಗುದು, ಆವಾಗಾವಾಗ ಸರ್ಕಾರದಿಂದ ಹೂಳೆತ್ತುದು, ಇದು ಊರಿಗೇ ಗೊತ್ತಿದ್ದ ವಿಷಯ. ಹೇಗೂ ಎತ್ತುತ್ತಾರಲ್ಲ, ಅದರ ಲೆಕ್ಕ ನಮಗೆ ಯಾಕೆ ಅಂತ.

ಆದ್ರೆ ಇಐಎ (ಪರಿಸರ ಪರಿಣಾಮ ಅಧ್ಯಯನ) ನೋಟಿಫಿಕೇಷನ್ 2006ರ ಷೆಡ್ಯೂಲಲ್ಲಿ 7(ಇ) ಅಂತ ಒಂದು ಐಟಂ ಉಂಟು, ಬಂದರು, ಬ್ರೇಕ್‌ವಾಟರ್, ಡ್ರೆಜಿಂಗ್ ಎಲ್ಲ ಅದರಲ್ಲೇ. ಅದರ ಕೆಳಗಿನ ಟಿಪ್ಪಣಿಯನ್ನ ಯಾರೂ ಓದುದಿಲ್ಲ, ನಾನೂ ಓದಿರ್ಲಿಲ್ಲ. ಬಂದರಿನ ಒಳಗೆ, ಹೊರಗೆ, ಚಾನೆಲಲ್ಲಿ ಮಾಡುವ ಕ್ಯಾಪಿಟಲ್ ಡ್ರೆಜಿಂಗ್ ಎಲ್ಲ ಇದರೊಳಗೆ ಬರ್ತದೆ. ಮೇಂಟೆನೆನ್ಸ್‌ಗೆ ವಿನಾಯಿತಿ ಉಂಟು, ಆದ್ರೆ ಯಾವಾಗ? ಅದು ಮೂಲ ಪ್ರಾಜೆಕ್ಟಿನ ಅರ್ಜಿಯಲ್ಲೇ ಸೇರಿದ್ದು, ಅದಕ್ಕೆ ಆವಾಗಲೇ ಕ್ಲಿಯರೆನ್ಸ್ ಸಿಕ್ಕಿದ್ರೆ ಮಾತ್ರ. ಹೊಸ ಆಳಕ್ಕೆ ತೆಗೆದ್ರೆ ಕ್ಯಾಪಿಟಲ್, ಮೊದಲು ತೆಗೆದ ಆಳಕ್ಕೇ ವಾಪಸ್ ತಂದ್ರೆ ಮೇಂಟೆನೆನ್ಸ್. ನಮ್ಮ ಚಾನೆಲಿಗೆ ಯಾವ ಮೂಲ ಕ್ಲಿಯರೆನ್ಸೂ ಇರ್ಲಿಲ್ಲ, ಮತ್ತೆ ನಮಗೆ ಬೇಕಾದ ಆಳ ಆ ಹೊಳೆಯಲ್ಲಿ ಯಾವ ಕಾಲಕ್ಕೂ ಇರ್ಲಿಲ್ಲ. ಅಂದ್ರೆ ನಾನು ಬರೆದ ಉತ್ತರ ಎರಡು ಕಡೆಯಿಂದಲೂ ತಪ್ಪು.

ಲೆಕ್ಕ ನೋಡಿ. ಖಾಲಿ ಹಡಗು ಮೂರೂವರೆ ಮೀಟರ್ ನೀರಲ್ಲಿ ಇಳೀತದೆ ಅಂತ ಇಟ್ಕೊಳ್ಳಿ. ಡಾಕಿನ ತಳದಲ್ಲಿ ಹಡಗು ಕೂರುವ ಕೀಲ್ ಬ್ಲಾಕು ಒಂದೂವರೆ ಮೀಟರ್, ಮೇಲೆ ಸ್ವಲ್ಪ ಜಾಗ, ಅಲ್ಲಿಗೆ ಉಬ್ಬರದ ನೀರಿಂದ ಕೆಳಗೆ ಐದೂವರೆ ಮೀಟರ್ ಆಯ್ತು. ಆ ಹಡಗು ಡಾಕಿನ ಬಾಗಿಲಿನವರೆಗೆ ಬರ್ಲಿಕ್ಕೂ ನೀರು ಬೇಕಲ್ಲ. ನಮ್ಮ ಕಡೆ ಉಬ್ಬರ ಇಳಿತದ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು, ಗುಜರಾತಿನ ಅಲಂಗ್ ಥರ ಹತ್ತು ಮೀಟರ್ ಏರುದಿಲ್ಲ, ಉಬ್ಬರ ನಂಬಿ ಹಡಗು ತರ್ತೇನೆ ಅಂತ ಕೂರ್ಲಿಕ್ಕೆ ಆಗುದಿಲ್ಲ. ಚಾನೆಲ್ ಅಗೆಯಲೇ ಬೇಕು. ಚಾನೆಲ್ ಇಲ್ಲದೆ ಡಾಕ್ ಕಟ್ಟುದು ಅಂದ್ರೆ ರಸ್ತೆ ಇಲ್ಲದ ಬೈಲಲ್ಲಿ ಬಸ್ ಸ್ಟ್ಯಾಂಡ್ ಕಟ್ಟಿದ ಹಾಗೆ.

ಈಗ ಮಣ್ಣಿನ ಲೆಕ್ಕ. 130 ಮೀಟರ್ ಉದ್ದ, 30 ಅಗಲ, 9 ಆಳದ ಡಾಕ್ ಗುಂಡಿಯಿಂದ ಬರುದು 35,000 ಘನ ಮೀಟರ್ ಚಿಲ್ಲರೆ. ಒಂದೂವರೆ ಕಿಲೋಮೀಟರ್ ಚಾನೆಲನ್ನ 60 ಮೀಟರ್ ಅಗಲಕ್ಕೆ ಎರಡೇ ಮೀಟರ್ ಆಳ ಮಾಡಿದ್ರೂ 1,80,000 ಘನ ಮೀಟರ್. ಡಾಕಿನ ಐದು ಪಟ್ಟು! 10 ಘನ ಮೀಟರಿನ ಟಿಪ್ಪರಲ್ಲಿ ಸಾಗಿಸಿದ್ರೆ 18,000 ಲೋಡು. ನಾವು "ಪ್ರಾಜೆಕ್ಟು" ಅಂತ ಕರೀತಾ ಇದ್ದದ್ದು ಈ ಸಣ್ಣ ಗುಂಡಿಯನ್ನ, ನಿಜವಾದ ಪ್ರಾಜೆಕ್ಟು ನೀರಿನ ಅಡಿಯಲ್ಲಿತ್ತು. ಇಷ್ಟು ಗುಣಾಕಾರ ಫಾರ್ಮ್ ತುಂಬುವ ಮೊದಲು ಕ್ಯಾಲ್ಕುಲೇಟರಲ್ಲಿ ಮಾಡಿದ್ರೆ ಆಗ್ತಿತ್ತು, ಮಾಡ್ಲಿಲ್ಲ.

ಫಾರ್ಮಲ್ಲಿ ಡ್ರೆಜಿಂಗ್ ಇಲ್ಲ ಅಂತ ಇದ್ದ ಕಾರಣ ಟಿಒಆರ್ (ಏನೇನು ಸ್ಟಡಿ ಮಾಡ್ಬೇಕು ಅಂತ ಕೊಡುವ ಪಟ್ಟಿ) ಬಂದದ್ದೂ ಬರೀ ಡಾಕಿಗೆ. ಅದರ ಪ್ರಕಾರವೇ ಸ್ಟಡಿ, ಅದರ ಪ್ರಕಾರವೇ ರಿಪೋರ್ಟು. ಮತ್ತೆ ಪಬ್ಲಿಕ್ ಹಿಯರಿಂಗ್. ಪೇಪರಲ್ಲಿ ಕನಿಷ್ಠ 30 ದಿನ ಮೊದಲು ನೋಟಿಸ್ ಬರ್ತದೆ, ಮಾಲಿನ್ಯ ಮಂಡಳಿಯವರು ನಡೆಸುದು, ಡಿಸಿ ಅಥವಾ ಎಡಿಸಿ ಅಧ್ಯಕ್ಷತೆ, ಪೂರ್ತಿ ವಿಡಿಯೊ. ನಮ್ಮವರು ಯುವಕರಿಗೆ ಉದ್ಯೋಗ ಅದು ಇದು ಅಂತ ಸ್ಲೈಡ್ ತೋರಿಸಿ ಮುಗಿಸಿದ್ರು. ಹಿಂದಿನ ಸಾಲಿಂದ ಒಬ್ಬರು ಅಕ್ಕ ಎದ್ದು ನಿಂತ್ರು, ಮರುವಾಯಿ (ಕಪ್ಪೆಚಿಪ್ಪು) ಹೆಕ್ಕುವವರು, ಸೀದಾ ಸ್ಟೇಜಿನ ಬದಿಗೆ ಬಂದು ಬಣ್ಣದ ಸಿಆರ್‌ಝಡ್ ಮ್ಯಾಪಿನ (ಕರಾವಳಿ ನಿಯಂತ್ರಣ ವಲಯದ ನಕ್ಷೆಯ) ಎದುರು ನಿಂತು, "ಇಳಿತದ ಹೊತ್ತಿಗೆ ನಾವು ಕೂತು ಹೆಕ್ಕುವ ಜಾಗ ಇದರಲ್ಲಿ ಯಾವ ಬಣ್ಣ ಮಾರ್ರೆ?" ಅಂತ ಕೇಳಿದ್ರು. ಕನ್ಸಲ್ಟೆಂಟ್ ಬೆರಳಿಟ್ಟು ತೋರಿಸಿದ. "ಹಾಂ, ಅಲ್ಲಿಗೇ ಹೂಳು ಹಾಕುದು ಅಂತ ನಿಮ್ಮ ಕಂಟ್ರಾಕ್ಟರ್ ಮೊನ್ನೆ ಅಳತೆ ಮಾಡಿ ಹೋದದ್ದಲ್ವಾ?"

ಡಾಕ್‌ಗೆ ಮಾತ್ರ ಅಂತ ಕರೆದ ಹಿಯರಿಂಗಲ್ಲಿ ಅಷ್ಟು ಹೊತ್ತಿನ ತನಕ ಹೂಳು ಅನ್ನುವ ಶಬ್ದವೇ ಬಂದಿರ್ಲಿಲ್ಲ. ನನಗೂ ಕಂಟ್ರಾಕ್ಟರ್ ಅಳತೆ ಮಾಡಿದ್ದು ಗೊತ್ತಿರ್ಲಿಲ್ಲ, ಅವನಿಗೆ ತಗ್ಗು ಜಾಗ ಕಂಡಿತ್ತು ಅಷ್ಟೇ. ಇಳಿತಕ್ಕೆ ಬಯಲಾಗುವ ಆ ತಗ್ಗು ಕೆಸರು ಜಾಗ ಮಡ್‌ಫ್ಲ್ಯಾಟ್, ಪಕ್ಕದಲ್ಲಿ ಕಾಂಡ್ಲಾ ಗಿಡ, ಎರಡೂ ಸಿಆರ್‌ಝಡ್ 1ಎ, ಅಂದ್ರೆ ಅತಿ ಸೂಕ್ಷ್ಮ ಜಾಗ, ಅಲ್ಲಿ ಒಂದು ಬುಟ್ಟಿ ಮಣ್ಣು ಹಾಕ್ಲಿಕ್ಕಿಲ್ಲ. ಎಲ್ಲ ವಿಡಿಯೊದಲ್ಲಿ, ಪ್ರೊಸೀಡಿಂಗ್ಸಲ್ಲಿ ಬಂತು. ಕೋಸ್ಟಲ್ ಝೋನ್ ಅಥಾರಿಟಿಯವರು ಓದಿದ್ರು, ದೆಹಲಿಯ ಪರಿಸರ ಸಚಿವಾಲಯದ ಪರಿಣತರ ಕಮಿಟಿಯವರೂ ಓದಿದ್ರು, ಪ್ರಾಜೆಕ್ಟ್ ತುಂಡು ಮಾಡಿ ಅರ್ಜಿ ಹಾಕಿದ್ದೀರಿ, ಡ್ರೆಜಿಂಗ್ ಮತ್ತು ಹೂಳು ವಿಲೇವಾರಿ ಸೇರಿಸಿ ಟಿಒಆರ್ ತಿದ್ದಿಸಿ ಹೊಸ ಸ್ಟಡಿ ಮಾಡಿ ತನ್ನಿ ಅಂತ ವಾಪಸ್. ನಾನು ವಾದ ಮಾಡ್ಲಿಕ್ಕೆ ಹೋಗ್ಲಿಲ್ಲ, ಅವರು ಹೇಳಿದ್ದು ಸರಿ ಇತ್ತು.

ವಾಪಸ್ ಬಂದದ್ದು ಮೇ ತಿಂಗಳಲ್ಲಿ. ಹೊರಗಿನವರಿಗೆ ಅದರ ಅರ್ಥ ಆಗುದಿಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಬೋಟಿಗೇ ಮೀನು ಹಿಡೀಲಿಕ್ಕೆ ಕಡಲಿಗೆ ಇಳೀಲಿಕ್ಕಿಲ್ಲ, ಸ್ಯಾಂಪಲ್ ತೆಗೀಲಿಕ್ಕೆ ಯಾರು ಹೋಗ್ತಾರೆ? ಬೇಸ್‌ಲೈನ್ ಡೇಟಾ ಹೇಗೂ ಮಳೆಗಾಲ ಬಿಟ್ಟು ಒಂದು ಸೀಸನ್ ಬೇಕು ಅಂತ ನಿಯಮ. ಅಲ್ಲಿಗೆ ಚೌತಿ, ನವರಾತ್ರಿ ಎಲ್ಲ ದಾಟಿ ಬೋಟು ಬಾಡಿಗೆಗೆ ಹುಡುಕಿ ಶುರು ಮಾಡುದು. ತಳದ ಮಣ್ಣು, ನೀರಿನ ಹರಿವಿನ ಮಾಡೆಲ್, ಅಳಿವೆಯಲ್ಲಿ ಮರಳು ಎತ್ತ ಸರೀತದೆ, ಎಲ್ಲ ಹೊಸತು. ಹಿಯರಿಂಗೂ ಎರಡನೇ ಸಲ. ಅಷ್ಟರಲ್ಲಿ ನಮ್ಮನ್ನ ನಂಬಿ ಕಾದಿದ್ದ ಟಗ್ ಕಂಪನಿಯ ರಿಪೇರಿ ಕೆಲಸ ಬೇರೆ ಯಾರ್ಡಿಗೆ ಹೋಯ್ತು, ಬ್ಯಾಂಕಿನವರು ಸ್ಯಾಂಕ್ಷನ್ ಹಿಂದೆ ತೆಗೆದುಕೊಂಡ್ರು. ಒಂದು ಸಾಲಿನ "ಇಲ್ಲ"ಕ್ಕೆ.

ಹಾಗಾಗಿ ಯಾವ ಕನ್ಸಲ್ಟೆಂಟ್ ಒಳ್ಳೆಯವರು ಅಂತ ಕೇಳ್ಬೇಡಿ, ನಿಜವಾಗಿ ನಿಮಗೆ ಡ್ರೈ ಡಾಕ್ ಬೇಕಾ ಅಂತ ಕೇಳಿಕೊಳ್ಳಿ. ನೀವು ಬರೆದ ಹಡಗಿನ ಪಟ್ಟಿ ನೋಡಿದೆ, ಮುಕ್ಕಾಲು ಪಾಲು ಟಗ್ ಮತ್ತು ಬಾರ್ಜ್. ಅದಕ್ಕೆ ಸ್ಲಿಪ್‌ವೇ ಉದ್ದ ಮಾಡಿ, ಏರ್‌ಬ್ಯಾಗ್ (ಹಡಗಿನ ಅಡಿಗೆ ಇಡುವ ಗಾಳಿ ತುಂಬಿದ ರಬ್ಬರ್ ಚೀಲ) ಹಾಕಿ ಎಳೆದ್ರೆ ಆಗ್ತದೆ. ಶಿಪ್‌ಲಿಫ್ಟ್ (ಹಡಗನ್ನ ವೇದಿಕೆ ಸಮೇತ ನೀರಿಂದ ಎತ್ತುವ ಲಿಫ್ಟ್) ನೋಡಿ, ಕೊಚ್ಚಿಯಲ್ಲಿ ಆ ದೊಡ್ಡ ಡಾಕಿನ ಜೊತೆಗೇ ರಿಪೇರಿಗೆ ಅಂತ ಬೇರೆ ಮಾಡಿದ್ದು 6,000 ಟನ್ನಿನ ಶಿಪ್‌ಲಿಫ್ಟು, ಕಾರವಾರದ ನೌಕಾನೆಲೆಯಲ್ಲೂ ಇರುದು 10,000 ಟನ್ನಿನ ಶಿಪ್‌ಲಿಫ್ಟೇ. ಎತ್ತಿ ಪಕ್ಕಕ್ಕೆ ಸರಿಸಿದ್ರೆ ಒಂದು ಹಡಗು ಪೈಂಟ್ ಆಗುವಾಗ ಇನ್ನೊಂದನ್ನ ಎತ್ತಬಹುದು, ಡಾಕಲ್ಲಿ ಒಂದು ಹಡಗು ಪಾರ್ಟ್ಸ್ ಕಾಯ್ತಾ ಕೂತ್ರೆ ಇಡೀ ಡಾಕ್ ಬಂದ್. ಫ್ಲೋಟಿಂಗ್ ಡಾಕ್ ಅಂತ ಯಾರಾದ್ರೂ ಹೇಳಿದ್ರೆ ಹುಷಾರು, ಅದು ಮುಳುಗ್ಲಿಕ್ಕೆ ಹಡಗಿಗಿಂತ ಎಷ್ಟೋ ಆಳದ ಗುಂಡಿ ಬೇಕು, ಮತ್ತೆ ಅದೇ ಹೂಳು. ನನ್ನ ಅಭಿಪ್ರಾಯ ಕೇಳಿದ್ರೆ ಕರಾವಳಿಯ ಸಣ್ಣ ಹೊಳೆಗಳಲ್ಲಿ ಖಾಸಗಿಯವರು ಡ್ರೈ ಡಾಕಿನ ಆಸೆ ಬಿಡುದೇ ಒಳ್ಳೆದು, ಬೈದ್ರೂ ತೊಂದರೆ ಇಲ್ಲ.

ಇಲ್ಲ, ಮಾಡಿಯೇ ಮಾಡ್ತೇವೆ ಅಂತಾದ್ರೆ ಇಷ್ಟು ಕೇಳಿ. "ಷೆಡ್ಯೂಲಲ್ಲಿ ಹಡಗು ಒಡೆಯುವ ಯಾರ್ಡ್ ಅಂತ ಮಾತ್ರ ಉಂಟು, ಹಡಗು ಕಟ್ಟುವ ಯಾರ್ಡಿನ ಹೆಸರಿಲ್ಲ, ನಮಗೆ ಲಾಗು ಇಲ್ಲ" ಅಂತ ಹೇಳುವ ಬುದ್ಧಿವಂತ ನಿಮ್ಮ ಆಫೀಸಲ್ಲೂ ಒಬ್ಬ ಇರ್ತಾನೆ, ಅವನ ಮಾತು ಕೇಳ್ಬೇಡಿ, ಡ್ರೆಜಿಂಗ್ ಬಾಗಿಲಿಂದ ನೀವು ಒಳಗೆ ಬಂದೇ ಬರ್ತೀರಿ. ಪರ್ಮಿಷನ್ ಬೆಂಗಳೂರಲ್ಲೇ, ಅಂದ್ರೆ ರಾಜ್ಯದ ಮಟ್ಟದಲ್ಲೇ, ಮುಗೀತದಾ ಅಂತ ಕೇಳಿದ್ರಿ, ಆಗುದಿಲ್ಲ. ಡಾಕಿನ ಹೊಟ್ಟೆ ನೆಲದ ಮೇಲಿದ್ರೂ ಬಾಗಿಲು ಇರುದು ಉಬ್ಬರ ಇಳಿತದ ನಡುವಿನ ಜಾಗದಲ್ಲಿ ಮತ್ತು ನೀರಲ್ಲಿ, ಅಂದ್ರೆ ಸಿಆರ್‌ಝಡ್ 1ಬಿ ಮತ್ತು 4. 2019ರ ನೋಟಿಫಿಕೇಷನ್ ಪ್ರಕಾರ 1 ಮತ್ತು 4 ತಾಗಿದ್ರೆ ರಾಜ್ಯದ ಅಥಾರಿಟಿ ಶಿಫಾರಸು ಮಾಡಿ ಕಳಿಸುದು, ಒಪ್ಪಿಗೆ ಕೊಡುದು ಕೇಂದ್ರದ ಪರಿಸರ ಸಚಿವಾಲಯ.

ಎಚ್‌ಟಿಎಲ್ (ಉಬ್ಬರದ ನೀರು ತಲುಪುವ ಮೇಲಿನ ಮಿತಿ) ಗೆರೆಯನ್ನ ಊರಿನ ಸರ್ವೇಯರ್ ಹತ್ತಿರ ಎಳೆಸ್ಬೇಡಿ. ಚೆನ್ನೈಯ ಎನ್‌ಸಿಎಸ್‌ಸಿಎಂ ಥರದ ಅಧಿಕೃತ ಸಂಸ್ಥೆಯಿಂದಲೇ 1:4000 ಮ್ಯಾಪ್ ಮಾಡಿಸಿ, ಅದರ ಮೇಲೆ ಡಾಕ್, ಚಾನೆಲ್, ಹೂಳು ಹಾಕುವ ಜಾಗ ಮೂರೂ ಕೂರಿಸಿ. ಕನ್ಸಲ್ಟೆಂಟಿಗೆ ಬಂದರು ಸೆಕ್ಟರಿನ ನ್ಯಾಬೆಟ್ ಮಾನ್ಯತೆ ಇದ್ರೆ ಸಾಕು, ಹೆಸರು ಮುಖ್ಯ ಅಲ್ಲ, ಹೂಳೆಲ್ಲಿಗೆ ಅಂತ ಅವರಾಗಿಯೇ ಮೊದಲ ಮೀಟಿಂಗಲ್ಲಿ ಕೇಳದವರನ್ನ ಚಾ ಕುಡಿಸಿ ಕಳಿಸಿ.

ಬಾವಿ ಮರೀಬೇಡಿ. ಡಾಕ್ ಗುಂಡಿ ಒಣಗಿಸ್ಲಿಕ್ಕೆ ಹಗಲು ರಾತ್ರಿ ಪಂಪ್ ಓಡಿದ್ರೆ ಸುತ್ತಲಿನ ಸಿಹಿನೀರು ಕೆಳಗೆ ಹೋಗಿ ಉಪ್ಪು ನೀರು ಒಳಗೆ ಬರ್ತದೆ, ನಮ್ಮ ಕಡೆ ಮನೆಗೊಂದು ಬಾವಿ, ಮೊದಲ ಸಲ ಚಾ ಉಪ್ಪಾದ ದಿನ ನಿಮ್ಮ ಗೇಟಿನ ಎದುರು ಜನ ಸೇರ್ತಾರೆ, ಸೇರ್ಲೇಬೇಕು. ಗುದ್ದಲಿ ಹಾಕುವ ಮೊದಲೇ ಅಕ್ಕಪಕ್ಕದ ಪ್ರತಿ ಬಾವಿಯ ನೀರಿನ ಮಟ್ಟ, ಉಪ್ಪಿನಂಶ ಮನೆಯವರ ಎದುರೇ ಅಳೆದು ಬರೆದು ಅವರಿಗೂ ಒಂದು ಪ್ರತಿ ಕೊಡಿ. ಹೊರಗಿನ ನೀರು ಗುಂಡಿಗೆ ಬಾರದ ಹಾಗೆ ನೆಲದೊಳಗೆ ಕಟ್ಟುವ ಡಯಾಫ್ರಮ್ ಗೋಡೆ ಖರ್ಚು ಜಾಸ್ತಿ ಅಂತ ಬಿಡ್ಬೇಡಿ.

ಮತ್ತೆ ಎಷ್ಟು ಟೈಮ್ ಅಂತ. ಕಾಗದದಲ್ಲಿ ಹಿಯರಿಂಗಿಗೆ 45 ದಿನ, ಫೈನಲ್ ರಿಪೋರ್ಟ್ ಹಾಕಿದ ಮೇಲೆ ಕಮಿಟಿಗೆ 60, ಆಮೇಲೆ ಸಚಿವಾಲಯಕ್ಕೆ 45. ಆದ್ರೆ ನಮ್ಮ ಕ್ಯಾಲೆಂಡರ್ ನಡೆಯುದು ಮಳೆಯ ಮೇಲೆ. ಡ್ರೆಜಿಂಗ್ ಸೇರಿಸಿದ ಟಿಒಆರ್ ಸೆಪ್ಟೆಂಬರ್ ಒಳಗೆ ಕೈಯಲ್ಲಿ ಇದ್ರೆ ಆ ವರ್ಷದ ಸೀಸನ್ ಸಿಗ್ತದೆ, ಡಿಸೆಂಬರ್ ಆದ್ರೂ ಓಡಾಡಿ ಮಾಡಬಹುದು, ಮಾರ್ಚ್ ದಾಟಿದ್ರೆ ಮುಂದಿನ ವರ್ಷ ಅಂತ ಬ್ಯಾಂಕಿನವರಿಗೆ ಈಗಲೇ ಹೇಳಿಬಿಡಿ, ಬಡ್ಡಿ ಶುರು ಆಗುವ ಮೊದಲು.