ಎಡ, ಬಲ ಎರಡೂ ಪಂಥಗಳ ವಿಚಾರಗಳನ್ನು ಮೆಚ್ಚುವುದು ದ್ವಂದ್ವವಲ್ಲವೇ?

ಖಂಡಿತ ಅಲ್ಲ. ಮೂಲ ಚಿಂತಕರನ್ನೇ ಓದಿ ನೋಡಿ. ಬಂಡವಾಳಶಾಹಿಯ ಕಡು ವಿರೋಧಿ ಮಾರ್ಕ್ಸ್, 1848ರಲ್ಲಿ ಎಂಗೆಲ್ಸ್ ಜೊತೆ ಬರೆಯುತ್ತಾ, ಅದರ ಅಗಾಧ ಉತ್ಪಾದನಾ ಶಕ್ತಿಯನ್ನು ಮುಕ್ತವಾಗಿ ಒಪ್ಪಿಕೊಂಡರು. ಮಾರುಕಟ್ಟೆಯ ಪರ ನಿಂತ ಆಡಂ ಸ್ಮಿತ್ 1776ರಲ್ಲೇ, ಒಂದೇ ಕಸುಬಿನ ವ್ಯಾಪಾರಿಗಳು ಒಟ್ಟಿಗೆ ಕೂತರೆ ಮಾತು ಬೆಲೆ ಏರಿಸುವ ಸಂಚಿಗೆ ತಿರುಗುತ್ತದೆ ಎಂದು ಎಚ್ಚರಿಸಿದ್ದರು. ಜೀವನವಿಡೀ ಒಂದೆರಡು ಸಣ್ಣ ಕೆಲಸಗಳನ್ನೇ ಮಾಡುವವನ ಬುದ್ಧಿ ಜಡ್ಡುಗಟ್ಟುತ್ತದೆ ಎಂಬ ಕಳವಳವೂ ಅವರದೇ. ನನ್ನನ್ನು ಇಂದಿಗೂ ಕಾಡುವ ಮಾತದು.

ಬೆಲೆಯು ಅಸಂಖ್ಯ ಜನರ ಅಗತ್ಯಗಳ ಸುದ್ದಿಯನ್ನು ಹೊತ್ತು ತರುತ್ತದೆ ಎಂದರು ಮುಕ್ತ ಮಾರುಕಟ್ಟೆಯ ಪರವಾದ ಅರ್ಥಶಾಸ್ತ್ರಜ್ಞ ಹಯೆಕ್. ನಿಜ. ಆದರೆ ಕೈಯಲ್ಲಿ ಕಾಸಿಲ್ಲದವನ ಹಸಿವು ಆ ಸುದ್ದಿಯೊಳಗೆ ಬರುವುದೇ ಇಲ್ಲ ಎಂಬ ಸಮಾಜವಾದಿಗಳ ಆಕ್ಷೇಪವನ್ನು ಹೇಗೆ ತಳ್ಳಿಹಾಕಲಿ? ಅನ್ನ, ಬಟ್ಟೆ, ಸೂರಿನ ಕನಿಷ್ಠ ಭದ್ರತೆಯನ್ನು ಸರ್ಕಾರ ಒದಗಿಸಬಹುದೆಂದು 1944ರಲ್ಲಿ ಸ್ವತಃ ಹಯೆಕ್ ಅವರೇ ಬರೆದಿದ್ದರು.